ಆಸಕ್ತಿಗೂ ಅಂಕಕ್ಕೂ ಎಷ್ಟು ನಂಟು?

ಓದುಗರ ಪ್ರಶ್ನೆ: ನನ್ನ ಮಗ ಎಂಜಿನಿಯರಿಂಗ್ ಎರಡನೇ ವರ್ಷ, ಎಲೆಕ್ಟ್ರಾನಿಕ್ಸ್ ಓದುತ್ತಿದ್ದಾನೆ. ಚಿಕ್ಕಂದಿನಿಂದಲೂ ಅವನಿಗೆ ಅದರದ್ದೇ ಹುಚ್ಚು. ರಜೆಗೆ ಬಂದರೆ ಮಿಕ್ಸಿ ಬಿಚ್ಚುತ್ತಾನೆ, ಹಳೇ ರೇಡಿಯೊ ಬಿಚ್ಚುತ್ತಾನೆ, ರಾತ್ರಿ ಒಂದು ಗಂಟೆಯವರೆಗೂ ಯೂಟ್ಯೂಬಿನಲ್ಲಿ ಸರ್ಕ್ಯೂಟು ನೋಡುತ್ತಾ ಕೂರುತ್ತಾನೆ. ಆದರೆ ರಿಸಲ್ಟ್ ಬಂದಾಗ ಆರರ ಆಸುಪಾಸು. ಮೂರನೇ ಸೆಮಿಸ್ಟರಿನ ಗಣಿತ ಬ್ಯಾಕ್ ಉಳಿದಿದೆ. ಅವನ ರೂಮ್‌ಮೇಟಿಗೆ ಎಲೆಕ್ಟ್ರಾನಿಕ್ಸ್ ಅಂದರೆ ಅಷ್ಟಕ್ಕಷ್ಟೆ, ಪ್ಲೇಸ್‌ಮೆಂಟ್ ಆದರೆ ಸಾಕು ಅಂತಾನೆ. ಅವನಿಗೆ ಒಂಬತ್ತರ ಮೇಲೆ ಬರುತ್ತದೆ. ಹಾಗಾದರೆ ಕಲಿಯುವ ಆಸಕ್ತಿಗೂ ಅಂಕಕ್ಕೂ ಸಂಬಂಧವೇ ಇಲ್ಲವೇ? ನಮ್ಮ ಯಜಮಾನರು, ಎಲ್ಲ ಪಾಸು ಮಾಡಿಕೊಂಡರೆ ಬೈಕ್ ಕೊಡಿಸುತ್ತೇನೆ ಎಂದು ಹೇಳಲು ಹೊರಟಿದ್ದಾರೆ. ಅದು ಸರಿಯೇ? (ಹೆಸರು ಬೇಡ ಎಂದಿರುವ ತಾಯಿ, ಹಾಸನ)

ಸಂಬಂಧ ಇದೆ. ಆದರೆ ನಾವು ವೇದಿಕೆಯ ಮೇಲೆ ಭಾಷಣ ಮಾಡುವಾಗ ಹೇಳುವಷ್ಟು ದೊಡ್ಡ ಸಂಬಂಧವಲ್ಲ. ನಿಮ್ಮ ಮಗನೂ ಅವನ ರೂಮ್‌ಮೇಟೂ ವಿಚಿತ್ರ ಜೋಡಿಯೇನಲ್ಲ, ಪ್ರತಿ ಹಾಸ್ಟೆಲಿನಲ್ಲೂ ಇಂಥ ಇಬ್ಬರು ಸಿಗುತ್ತಾರೆ.

ಈ ವಿಷಯದಲ್ಲಿ ಆಗಿರುವ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿದ ಒಂದು ದೊಡ್ಡ ಲೆಕ್ಕಾಚಾರ 2012ರಲ್ಲಿ ‘ಸೈಕಲಾಜಿಕಲ್ ಬುಲೆಟಿನ್’ ಪತ್ರಿಕೆಯಲ್ಲಿ ಬಂತು. ಮಿಶೆಲ್ ರಿಚರ್ಡ್‌ಸನ್, ಚಾರ್ಲ್ಸ್ ಏಬ್ರಹಾಂ, ರಾಡ್ ಬಾಂಡ್ ಎಂಬ ಮೂವರು 1997ರಿಂದ 2010ರವರೆಗೆ ಪ್ರಕಟವಾದ ಸಂಶೋಧನೆಗಳನ್ನು ಜಾಲಾಡಿದರು. ಏಳು ಸಾವಿರಕ್ಕೂ ಹೆಚ್ಚು ಲೇಖನಗಳಿಂದ 241 ದತ್ತಾಂಶ ಗುಂಪುಗಳನ್ನು ಹೆಕ್ಕಿ, ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಅಂಕಕ್ಕೂ 50 ಬೇರೆ ಬೇರೆ ಸಂಗತಿಗಳಿಗೂ ಎಷ್ಟೆಷ್ಟು ನಂಟಿದೆ ಎಂದು ಅಳೆದರು. ಹಿಂದಿನ ಅಂಕ, ಬುದ್ಧಿಮತ್ತೆ, ಸ್ವಭಾವ, ಆಸಕ್ತಿ, ಆತಂಕ, ಓದುವ ರೀತಿ, ಮನೆಯ ಸ್ಥಿತಿ ಎಲ್ಲವೂ ಆ ಪಟ್ಟಿಯಲ್ಲಿದ್ದವು.

ಇಂಥ ನಂಟನ್ನು ಸೊನ್ನೆಯಿಂದ ಒಂದರವರೆಗಿನ ಸಂಖ್ಯೆಯಲ್ಲಿ ಹೇಳುತ್ತಾರೆ. ಸೊನ್ನೆ ಎಂದರೆ ಎರಡಕ್ಕೂ ಸಂಬಂಧವಿಲ್ಲ. ಒಂದು ಎಂದರೆ ಇದು ಏರಿದಷ್ಟೂ ಅದು ಚಾಚೂ ತಪ್ಪದೆ ಏರುತ್ತದೆ. ವಿಷಯದ ಮೇಲಿನ ಪ್ರೀತಿಯಿಂದಲೇ ಕಲಿಯುವ ಒಳಗಿನ ಪ್ರೇರಣೆಗೆ ಸಿಕ್ಕ ಸಂಖ್ಯೆ 0.17. ಇದನ್ನು ಇದರಿಂದಲೇ ಗುಣಿಸಿದರೆ ಸುಮಾರು 0.03 ಬರುತ್ತದೆ. ಅಂದರೆ ಒಂದು ತರಗತಿಯ ಹುಡುಗರ ಅಂಕಗಳಲ್ಲಿ ಕಾಣುವ ಏರುಪೇರನ್ನು ನೂರು ಪಾಲು ಮಾಡಿದರೆ, ಮೂರು ಪಾಲನ್ನು ಮಾತ್ರ ಆಸಕ್ತಿಯ ಖಾತೆಗೆ ಬರೆಯಬಹುದು. ಬಹುಮಾನ, ನೌಕರಿ, ಮೆಚ್ಚುಗೆಗಾಗಿ ಓದುವ ಹೊರಗಿನ ಪ್ರೇರಣೆಗೆ ಸಿಕ್ಕಿದ್ದು ಇನ್ನೂ ಕಡಿಮೆ, ಬರೀ 0.01. ಕಾಲೇಜಿಗೆ ಬರುವ ಮುಂಚಿನ ಶಾಲಾ ಅಂಕಕ್ಕೆ 0.40.

ಪಟ್ಟಿಯ ತುದಿಯಲ್ಲಿದ್ದದ್ದು ಬೇರೆಯೇ ಒಂದು ಸಂಗತಿ: ‘ಈ ಪರೀಕ್ಷೆಯಲ್ಲಿ ನಾನು ಇಷ್ಟು ತೆಗೆಯಬಲ್ಲೆ’ ಎಂಬ ನಂಬಿಕೆ. ಅದರ ಸಂಖ್ಯೆ 0.59. ಐವತ್ತರಲ್ಲಿ ಇದೇ ಮೊದಲು. ‘ಇಷ್ಟು ಅಂಕ ತೆಗೆಯಲೇಬೇಕು’ ಎಂದು ಗುರಿ ಇಟ್ಟುಕೊಳ್ಳುವುದಕ್ಕೆ 0.35. ಬೇಜಾರಾದರೂ, ಕಷ್ಟವಾದರೂ ಕೂತ ಜಾಗದಿಂದ ಏಳದೆ ಕೆಲಸ ಮುಗಿಸುವ ಅಭ್ಯಾಸಕ್ಕೆ 0.32. ಅಂದರೆ ‘ನನಗೆ ಇದು ಇಷ್ಟ’ ಎಂಬುದಕ್ಕಿಂತ ‘ಇದು ನನ್ನ ಕೈಲಾಗುತ್ತದೆ’, ‘ಇಷ್ಟು ಬೇಕು’, ‘ಇಷ್ಟವಿಲ್ಲದಿದ್ದರೂ ಮುಗಿಸುತ್ತೇನೆ’ ಎಂಬ ಮೂರಕ್ಕೂ ಅಂಕದ ಜೊತೆ ಹೆಚ್ಚು ನಂಟಿದೆ. ರೂಮ್‌ಮೇಟಿನ ಹತ್ತಿರ ಈ ಮೂರೂ ಇರಬಹುದು. ನಿಮ್ಮ ಮಗನ ಹತ್ತಿರ ಇರುವುದು ‘ನನಗೆ ಇದು ಇಷ್ಟ’ ಎಂಬುದು, ಆ 0.17.

ಆಸಕ್ತಿ ಇಷ್ಟು ದುರ್ಬಲವೇ ಎಂದು ಬೇಸರ ಮಾಡಿಕೊಳ್ಳಬೇಡಿ. ಅದಕ್ಕೆ ಬೇರೆ ಕಡೆ ಬೆಲೆಯಿದೆ, ಅದನ್ನು ಆಮೇಲೆ ಹೇಳುತ್ತೇನೆ. ಅಂಕಕ್ಕೆ ಅದು ನೇರವಾಗಿ ಒದಗದಿರಲು ಕಾರಣ ಸರಳ. ಆಸಕ್ತಿ ಸಿಲಬಸ್ ನೋಡಿಕೊಂಡು ಹುಟ್ಟುವುದಿಲ್ಲ. ನಿಮ್ಮ ಹುಡುಗನಿಗೆ ರೇಡಿಯೊದೊಳಗಿನ ಟ್ಯೂನರ್ ಕಂಡರೆ ಖುಷಿ, ಐದನೇ ಮಾಡ್ಯೂಲಿನ ಡಿರೈವೇಶನ್ ಕಂಡರೆ ಖುಷಿಯಿಲ್ಲ. ಒಂದು ಸೆಮಿಸ್ಟರಿನ ಆರೇಳು ವಿಷಯಗಳಲ್ಲಿ ಒಂದೋ ಎರಡೋ ಅವನ ಹುಚ್ಚಿಗೆ ಹತ್ತಿರದವು. ಮಿಕ್ಕವು ದಾಟಿಕೊಂಡು ಹೋಗಬೇಕಾದವು. ಸರಾಸರಿ ಲೆಕ್ಕ ಹಾಕುವಾಗ ಆ ಮಿಕ್ಕವೇ ತೂಗುತ್ತವೆ. ರೂಮ್‌ಮೇಟಿಗೆ ಯಾವುದರ ಮೇಲೂ ವಿಶೇಷ ಪ್ರೀತಿಯಿಲ್ಲ, ಹಾಗಾಗಿ ಯಾವುದನ್ನೂ ಬಿಡುವುದಿಲ್ಲ.

ಇದಕ್ಕೆ ಹತ್ತಿರದ ಇನ್ನೊಂದು ಅಧ್ಯಯನವಿದೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಜುಡಿತ್ ಹರಾಕೀವಿಚ್ ಮತ್ತು ಜೊತೆಗಾರರು ಮನಶ್ಶಾಸ್ತ್ರದ ಮೊದಲ ಕೋರ್ಸಿಗೆ ಸೇರಿದ ವಿದ್ಯಾರ್ಥಿಗಳನ್ನು ಪದವಿ ಮುಗಿಯುವವರೆಗೂ ಗಮನಿಸುತ್ತಾ ಹೋದರು. 2002ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಬೇರೆಯವರಿಗಿಂತ ಚೆನ್ನಾಗಿ ಮಾಡಬೇಕು ಎಂದು ಹೊರಟವರಿಗೆ ಅಂಕ ಹೆಚ್ಚು ಬಂತು, ವಿಷಯ ಕರಗತ ಮಾಡಿಕೊಳ್ಳಬೇಕು ಎಂದು ಹೊರಟವರಲ್ಲಿ ಆಸಕ್ತಿ ಉಳಿಯಿತು, ಅವರು ಮುಂದೆಯೂ ಅದೇ ವಿಷಯದತ್ತ ಬಂದರು. ಒಂದು ಗುರಿ ಅಂಕ ಕೊಟ್ಟಿತು, ಇನ್ನೊಂದು ವಿಷಯದ ನಂಟು ಉಳಿಸಿತು. ಎರಡೂ ಒಬ್ಬನಲ್ಲೇ ಇರಬಾರದು ಎಂದೇನಿಲ್ಲ, ಇದ್ದರೆ ಪುಣ್ಯವಂತ. ಆಸಕ್ತಿಗೆ ಬೇರೆ ಕಡೆ ಬೆಲೆಯಿದೆ ಎಂದೆನಲ್ಲ, ಅದು ಇದೇ. ನಾಲ್ಕು ವರ್ಷವಾದ ಮೇಲೆ ಎಲೆಕ್ಟ್ರಾನಿಕ್ಸಿನಲ್ಲೇ ಉಳಿಯುವವನು ನಿಮ್ಮ ಮಗನಾಗುವ ಸಾಧ್ಯತೆ ಹೆಚ್ಚು. ಆದರೆ ಉಳಿಯಬೇಕಾದರೆ ಮೊದಲು ಪಾಸಾಗಬೇಕು.

ಈಗ ಆ 0.59ಕ್ಕೆ ಬರೋಣ. ‘ನನ್ನ ಕೈಲಾಗುತ್ತದೆ’ ಎಂಬ ನಂಬಿಕೆ ಅಂಕ ತರುತ್ತದೆ ಎಂದ ಕೂಡಲೇ ನಮ್ಮಲ್ಲಿ ಏನಾಗುತ್ತದೆಂದು ಗೊತ್ತು. ಕಾಲೇಜಿನ ಸಭಾಂಗಣಕ್ಕೆ ಮೋಟಿವೇಶನ್ ಭಾಷಣಕಾರರೊಬ್ಬರು ಬರುತ್ತಾರೆ, ಕನ್ನಡಿ ಮುಂದೆ ನಿಂತು ‘ನಾನು ಗೆಲ್ಲುತ್ತೇನೆ’ ಎಂದು ಹೇಳಿಕೊಳ್ಳಲು ಹೇಳಿಕೊಡುತ್ತಾರೆ, ಮಕ್ಕಳು ಚಪ್ಪಾಳೆ ತಟ್ಟಿ ಕ್ಯಾಂಟೀನಿಗೆ ಹೋಗುತ್ತಾರೆ. ಅದರಿಂದ ಏನೂ ಆಗುವುದಿಲ್ಲ. ಯಾಕೆಂದರೆ ಆ ಸಂಖ್ಯೆಯಲ್ಲಿ ಒಂದು ಸೂಕ್ಷ್ಮವಿದೆ. ಹಿಂದಿನ ಪರೀಕ್ಷೆಯಲ್ಲಿ ತನಗೆ ಎಷ್ಟು ಬಂತು, ಇಂಟರ್ನಲ್ಸ್‌ನಲ್ಲಿ ಎಷ್ಟು ಬಂತು ಎಂದು ಗೊತ್ತಿರುವ ಹುಡುಗನನ್ನು ‘ಈ ಸಲ ಎಷ್ಟು ತೆಗೆಯಬಲ್ಲೆ?’ ಎಂದು ಕೇಳಿದರೆ ಅವನು ಹೆಚ್ಚುಕಮ್ಮಿ ಸರಿಯಾಗಿಯೇ ಹೇಳುತ್ತಾನೆ. ಆ ನಂಬಿಕೆಯೊಳಗೆ ಹಳೆಯ ಅಂಕದ ನೆನಪೂ ಸೇರಿಕೊಂಡಿದೆ. ನಂಬಿಕೆ ಅಂಕವನ್ನು ತರುತ್ತಿದೆಯೋ, ಅಂಕ ನಂಬಿಕೆಯನ್ನು ತರುತ್ತಿದೆಯೋ?

ಒಂದೇ ಸಲ ಅಳೆದರೆ ಇದು ತಿಳಿಯುವುದಿಲ್ಲ. ಅದೇ ವಿದ್ಯಾರ್ಥಿಗಳನ್ನು ಎರಡು ಬೇರೆ ಬೇರೆ ಸಮಯದಲ್ಲಿ ಅಳೆದು, ಮೊದಲ ಅಂಕ ನಂತರದ ನಂಬಿಕೆಯನ್ನು ಎಷ್ಟು ಬದಲಿಸಿತು, ಮೊದಲ ನಂಬಿಕೆ ನಂತರದ ಅಂಕವನ್ನು ಎಷ್ಟು ಬದಲಿಸಿತು ಎಂದು ನೋಡಬೇಕು. ಹಾಗೆ ಮಾಡಿದ ಅಧ್ಯಯನಗಳನ್ನು ಕೂಡಿಸಿ ಕೇಟ್ ತಾಲ್ಸ್ಮಾ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದರು. ಪ್ರಭಾವ ಎರಡೂ ದಿಕ್ಕಿನಲ್ಲಿದೆ. ಆದರೆ ಅಂಕದಿಂದ ನಂಬಿಕೆಯತ್ತ ಹೋಗುವ ಪ್ರಭಾವವೇ ದೊಡ್ಡದು; ನಂಬಿಕೆಯಿಂದ ಅಂಕದತ್ತ ಬರುವುದು ಸಣ್ಣದು. ಹುಮ್ಮಸ್ಸು ಮೊದಲು ಬರಬೇಕು, ಫಲಿತಾಂಶ ಆಮೇಲೆ ಎಂದು ನಾವೆಲ್ಲ ನಂಬಿದ್ದೇವೆ. ಬಹಳಷ್ಟು ಸಲ ಸಣ್ಣದೊಂದು ಫಲಿತಾಂಶ ಮೊದಲು ಬರುತ್ತದೆ, ಹುಮ್ಮಸ್ಸು ಅದರ ಬೆನ್ನು ಹಿಡಿದು ಬರುತ್ತದೆ.

ಈ ನಂಬಿಕೆಯ ವಿಚಾರವನ್ನು ಶಾಸ್ತ್ರೀಯವಾಗಿ ಕಟ್ಟಿದವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಆಲ್ಬರ್ಟ್ ಬಂಡೂರ. 1977ರ ತಮ್ಮ ಲೇಖನದಲ್ಲಿ ಅವರು ಇದಕ್ಕೆ ನಾಲ್ಕು ಮೂಲಗಳನ್ನು ಹೇಳಿದರು. ತಾನೇ ಮಾಡಿ ಗೆದ್ದ ಅನುಭವ, ತನ್ನಂಥವನೇ ಇನ್ನೊಬ್ಬ ಮಾಡಿದ್ದನ್ನು ಕಂಡದ್ದು, ಹತ್ತಿರದವರ ಮಾತು, ಆ ಹೊತ್ತಿನ ಮೈಮನಸ್ಸಿನ ಸ್ಥಿತಿ. ನಾಲ್ಕರಲ್ಲಿ ಮೊದಲನೆಯದೇ ಬಲವಾದದ್ದು ಎಂದು ಬಂಡೂರ ಸ್ಪಷ್ಟವಾಗಿ ಹೇಳಿದ್ದರು. ‘ನಿನ್ನ ಕೈಲಾಗುತ್ತೆ ಕಣೋ’ ಎಂದು ನೀವು ಫೋನಿನಲ್ಲಿ ಹೇಳುವುದು ಮೂರನೆಯ ಸಾಲಿನದು. ಹೇಳಬೇಡಿ ಎನ್ನುತ್ತಿಲ್ಲ. ಬರೀ ಅದರಿಂದ ಗಣಿತದ ಬ್ಯಾಕ್ ತೆರವಾಗುವುದಿಲ್ಲ ಅಷ್ಟೆ.

ನಮ್ಮಲ್ಲಿ ಈ ನಂಬಿಕೆ ಮುರಿಯುವ ಜಾಗವೂ ಹೆಚ್ಚುಕಡಿಮೆ ನಿಗದಿಯಾಗಿದೆ: ಮೊದಲ ಸೆಮಿಸ್ಟರಿನ ಮೊದಲ ಇಂಟರ್ನಲ್ಸ್. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ತರಗತಿಗೇ ಮೊದಲಿಗನಾಗಿದ್ದ ಹುಡುಗ, ಪಿಯುಸಿಯಲ್ಲಿ ಹೇಗೋ ಇಂಗ್ಲಿಷಿನ ಜೊತೆ ಗುದ್ದಾಡಿ, ಸಿಇಟಿ ಬರೆದು ಎಂಜಿನಿಯರಿಂಗಿಗೆ ಬರುತ್ತಾನೆ. ಎರಡು ತಿಂಗಳೊಳಗೆ ಮೊದಲ ಟೆಸ್ಟು. ಕೈಗೆ ಬರುವ ಅಂಕ ಅವನು ಜೀವಮಾನದಲ್ಲಿ ಕಂಡಿರದಷ್ಟು ಕಡಿಮೆ. ವಿಷಯ ತಿಳಿಯದೆ ಹೋದದ್ದು ಎಷ್ಟು, ಪ್ರಶ್ನೆಯ ಇಂಗ್ಲಿಷ್ ತಿಳಿಯದೆ ಹೋದದ್ದು ಎಷ್ಟು ಎಂದು ಅವನಿಗೆ ಯಾರೂ ಬಿಡಿಸಿ ಹೇಳುವುದಿಲ್ಲ. ‘ನಾನು ಇದಕ್ಕೆ ಲಾಯಕ್ಕಲ್ಲ’ ಎಂದು ಒಟ್ಟಾಗಿ ಲೆಕ್ಕ ಹಾಕಿಕೊಳ್ಳುತ್ತಾನೆ. ನಾನು ಪದವಿ ತರಗತಿಗಳಿಗೆ ಪಾಠ ಮಾಡುತ್ತಿದ್ದಾಗ, ಸ್ಟಾಫ್ ರೂಮಿನ ಬಾಗಿಲಲ್ಲಿ ‘ಸಾರ್, ಸಬ್ಜೆಕ್ಟ್ ಚೇಂಜ್ ಮಾಡ್ಕೋಬಹುದಾ?’ ಎಂದು ಕೇಳುವವರು ಬರುತ್ತಿದ್ದದ್ದು ಆ ಟೆಸ್ಟಿನ ಮಾರನೇ ವಾರದಲ್ಲೇ. ಹದಿನೈದು ದಿನದ ಹಿಂದೆ ಅದೇ ಸಬ್ಜೆಕ್ಟು ಇಷ್ಟ ಎಂದು ಬಂದವರು ಅವರು. ಆಸಕ್ತಿ ಹೋದದ್ದರಿಂದ ಅಂಕ ಹೋಗಿರಲಿಲ್ಲ, ಅಂಕ ಹೋದದ್ದರಿಂದ ಆಸಕ್ತಿ ಹೋಗಿತ್ತು.

ನಿಮ್ಮ ಮಗನ ಬ್ಯಾಕ್ ಉಳಿದಿರುವುದು ಮೂರನೇ ಸೆಮಿಸ್ಟರಿನ ಗಣಿತದಲ್ಲಿ ಎಂದಿರಿ. ಅಲ್ಲಿ ಸಾಮಾನ್ಯವಾಗಿ ಇರುವುದು ಲಾಪ್ಲಾಸ್ ಟ್ರಾನ್ಸ್‌ಫಾರ್ಮ್, ಫೂರಿಯೆ ಸರಣಿ ಇತ್ಯಾದಿ. ಫೂರಿಯೆ ಸರಣಿ ಇರುವುದೇ ಸಂಕೇತಗಳನ್ನು ಅಲೆಗಳಾಗಿ ಬಿಡಿಸಿ ನೋಡಲು. ಅವನು ಬಿಚ್ಚುವ ರೇಡಿಯೊಗೂ ಅದಕ್ಕೂ ನೇರ ಸಂಬಂಧ. ಬಹುಶಃ ಅದರ ಮೇಲೆ ಒಳ್ಳೆಯ ವೀಡಿಯೊಗಳನ್ನೂ ನೋಡಿರುತ್ತಾನೆ, ವೃತ್ತಗಳು ತಿರುಗುತ್ತಾ ಚೌಕಾಕಾರದ ಅಲೆಯಾಗುವುದನ್ನು ಕಂಡು ಬೆರಗಾಗಿರುತ್ತಾನೆ. ಪರೀಕ್ಷೆಯಲ್ಲಿ ಬರುವ ಪ್ರಶ್ನೆ ಬೇರೆ ಥರದ್ದು: ಮೈನಸ್ ಪೈನಿಂದ ಪೈವರೆಗೆ ಎಕ್ಸ್ ಸ್ಕ್ವೇರ್ ಎಂಬ ಫಂಕ್ಷನ್ನಿನ ಸರಣಿ ಬರೆ. ಅಲ್ಲಿ ಮೊದಲು ಇದು ಸಮ ಫಂಕ್ಷನ್ ಎಂದು ಗುರುತಿಸಿ, ಸೈನ್ ಪದಗಳೆಲ್ಲ ಹೋಗುತ್ತವೆ ಎಂದು ಬರೆಯಬೇಕು. ಉಳಿದದ್ದನ್ನು ಬರ್ನೂಲಿ ನಿಯಮದಿಂದ ಇಂಟಿಗ್ರೇಟ್ ಮಾಡುವಾಗ ಪ್ಲಸ್, ಮೈನಸ್, ಪ್ಲಸ್ ಸಾಲು ತಪ್ಪಬಾರದು. ಸೈನ್ ಎನ್ ಪೈ ಸೊನ್ನೆಯಾಗುವುದರಿಂದ ಮೂರು ಪದಗಳಲ್ಲಿ ಎರಡು ಉದುರಿ ಒಂದು ಉಳಿಯುತ್ತದೆ. ಕಾಸ್ ಎನ್ ಪೈ ಜಾಗದಲ್ಲಿ ಮೈನಸ್ ಒಂದರ ಎನ್ ಘಾತ ಬರೆಯಬೇಕು. ಆಮೇಲೆ ಎಕ್ಸ್ ಜಾಗಕ್ಕೆ ಪೈ ಹಾಕಿದರೆ, ಧನ ಪೂರ್ಣಾಂಕಗಳ ವರ್ಗಗಳ ವ್ಯುತ್ಕ್ರಮಗಳನ್ನೆಲ್ಲ ಕೂಡಿದ ಮೊತ್ತ ಪೈ ವರ್ಗದ ಆರನೇ ಒಂದು ಭಾಗ ಎಂಬ ಸೊಗಸಾದ ಉತ್ತರ ಬರುತ್ತದೆ.

ನಡುವೆ ಒಂದು ಮೈನಸ್ ಬಿಟ್ಟರೆ ಆ ಉತ್ತರ ಬರುವುದಿಲ್ಲ. ಹುಡುಗ ಗಾಬರಿಯಾಗಿ ಹಿಂದಕ್ಕೆ ಹೋಗುತ್ತಾನೆ, ಹೊಡೆದುಹಾಕುತ್ತಾನೆ, ಮತ್ತೆ ಬರೆಯುತ್ತಾನೆ, ಅಷ್ಟರಲ್ಲಿ ಇಪ್ಪತ್ತೈದು ನಿಮಿಷ ಹೋಗಿರುತ್ತದೆ. ಹೊರಗೆ ಬಂದು ‘ಅಮ್ಮಾ, ಎಲ್ಲ ಗೊತ್ತಿತ್ತು, ಟೈಮ್ ಸಾಲಲಿಲ್ಲ’ ಎನ್ನುತ್ತಾನೆ. ಸುಳ್ಳು ಹೇಳುತ್ತಿಲ್ಲ, ಅವನಿಗೆ ನಿಜಕ್ಕೂ ಹಾಗೇ ಅನ್ನಿಸುತ್ತದೆ. ದಡದ ಮೇಲೆ ಕೂತು ಈಜುವವರನ್ನು ವರ್ಷವಿಡೀ ನೋಡಿದವನಿಗೂ ಈಜು ಗೊತ್ತು ಅನ್ನಿಸುತ್ತದಲ್ಲ, ಹಾಗೆ.

ಈ ಭ್ರಮೆಯನ್ನು ಪ್ರಯೋಗದಲ್ಲೇ ತೋರಿಸಿದ್ದಾರೆ. 2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಒಂದೊಂದು ಪಾಠಭಾಗ ಕೊಟ್ಟರು. ಒಂದು ಗುಂಪು ಅದನ್ನು ನಾಲ್ಕು ಸರದಿ ಓದಿತು. ಇನ್ನೊಂದು ಗುಂಪು ಒಂದು ಸರದಿ ಓದಿ, ಮೂರು ಸಲ ಪಾಠ ನೋಡದೆ ನೆನಪಿನಿಂದ ಬರೆಯಿತು. ಐದು ನಿಮಿಷದ ನಂತರ ಪರೀಕ್ಷೆ ಮಾಡಿದಾಗ ಓದಿದವರೇ ಮುಂದು. ಒಂದು ವಾರದ ನಂತರ ಮಾಡಿದಾಗ ಬರೀ ಓದಿದವರಿಗೆ ನೆನಪಿದ್ದದ್ದು ಸುಮಾರು ಶೇಕಡ 40, ಬರೆದು ನೋಡಿಕೊಂಡವರಿಗೆ ಶೇಕಡ 61. ಹೆಚ್ಚು ಧೈರ್ಯದಿಂದ ‘ನಮಗೆ ನೆನಪಿರುತ್ತದೆ’ ಎಂದಿದ್ದವರು ಮಾತ್ರ ಆ ಬರೀ ಓದಿದವರೇ. ಆಸಕ್ತಿಯಿರುವ ಹುಡುಗರು ಈ ಹಳ್ಳಕ್ಕೆ ಸುಲಭವಾಗಿ ಬೀಳುತ್ತಾರೆ. ಇಷ್ಟಪಟ್ಟು ನೋಡಿದ್ದು, ಇಷ್ಟಪಟ್ಟು ಓದಿದ್ದು ಸರಾಗವಾಗಿ ಒಳಗೆ ಇಳಿಯುತ್ತದೆ. ಸರಾಗವಾಗಿ ಇಳಿದದ್ದನ್ನೆಲ್ಲ ಮನಸ್ಸು ‘ಬರುತ್ತದೆ’ ಎಂದು ಗುರುತು ಹಾಕಿಕೊಳ್ಳುತ್ತದೆ. ಆಸಕ್ತಿಯಿಲ್ಲದ ರೂಮ್‌ಮೇಟಿಗೆ ಆ ಭ್ರಮೆ ಹುಟ್ಟಲು ಅವಕಾಶವೇ ಇಲ್ಲ. ಅವನು ಹಳೇ ಪ್ರಶ್ನೆಪತ್ರಿಕೆ ಮುಂದಿಟ್ಟುಕೊಂಡು, ಗಡಿಯಾರ ನೋಡಿಕೊಂಡು ಬರೆಯುತ್ತಾನೆ. ಹಾಡ್ತಾ ಹಾಡ್ತಾ ರಾಗ ಎನ್ನುವುದು ಅವನ ಪಾಲಿಗೆ ನಿಜವಾಗುತ್ತದೆ.

ರೂಮ್‌ಮೇಟಿನ ಬಗ್ಗೆ ಒಂದು ಮಾತು. ‘ಪ್ಲೇಸ್‌ಮೆಂಟ್ ಆದರೆ ಸಾಕು’ ಎನ್ನುವವನನ್ನು ನಾವು ಸ್ವಲ್ಪ ಕೀಳಾಗಿ ನೋಡುತ್ತೇವೆ, ಅವನದು ಹೊರಗಿನ ಪ್ರೇರಣೆ ಎಂದು ಬದಿಗಿಡುತ್ತೇವೆ. ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಈ ಹೊರಗಿನ ಪ್ರೇರಣೆಯಲ್ಲೂ ಮೆಟ್ಟಿಲುಗಳಿವೆ ಎಂದು ತೋರಿಸಿದವರು. ಅಪ್ಪ ಬೈಯುತ್ತಾನೆಂದು ಓದುವುದು ಕೆಳಗಿನ ಮೆಟ್ಟಿಲು. ಓದದಿದ್ದರೆ ತನಗೇ ನಾಚಿಕೆ, ತಪ್ಪಿತಸ್ಥ ಭಾವ ಎಂದು ಓದುವುದು ಅದರ ಮೇಲಿನದು. ಮನೆಯ ಸಾಲ ತೀರಿಸಬೇಕು, ತಂಗಿಯನ್ನು ಓದಿಸಬೇಕು, ಅದಕ್ಕೆ ಈ ಡಿಗ್ರಿ ಬೇಕು ಎಂದು ತಾನೇ ಮನಗಂಡು ಓದುವುದು ಇನ್ನೂ ಮೇಲಿನದು. ಅಲ್ಲಿ ವಿಷಯದ ಮೇಲೆ ಪ್ರೀತಿಯಿಲ್ಲದಿರಬಹುದು, ಆದರೆ ನಿರ್ಧಾರ ಪೂರಾ ಅವನದೇ. 0.01 ಎಂಬ ಸರಾಸರಿಯಲ್ಲಿ ಇಂಥ ಬೇರೆ ಬೇರೆ ಹುಡುಗರೆಲ್ಲ ಕಲಸಿಹೋಗಿದ್ದಾರೆ ಎಂಬುದು ನನ್ನ ಅನುಮಾನ. ಒಂಬತ್ತರ ಮೇಲೆ ತೆಗೆಯುವ ಆ ಹುಡುಗನ ಮನೆಯ ಪರಿಸ್ಥಿತಿ ನಿಮ್ಮ ಮಗನಿಗೆ ಗೊತ್ತಿದೆಯೇ, ಒಮ್ಮೆ ಕೇಳಿ ನೋಡಿ.

ಇನ್ನು ಬೈಕ್.

ಇದೇ ಡೆಸಿ 1971ರಲ್ಲಿ ಪ್ರಕಟಿಸಿದ ಪ್ರಯೋಗ ಈ ವಿಷಯದಲ್ಲಿ ಎಲ್ಲರೂ ಮೊದಲು ಹೇಳುವಂಥದ್ದು. ಡೆನ್ಮಾರ್ಕಿನ ಪೀಟ್ ಹೈನ್ ರೂಪಿಸಿದ ಸೋಮಾ ಎಂಬ ಒಗಟಿನ ಆಟವಿದೆ: ಏಳು ವಿಚಿತ್ರ ಆಕಾರದ ತುಂಡುಗಳು, ಜೋಡಿಸಿದರೆ ಒಂದು ಘನ. ಕಾಲೇಜು ಹುಡುಗರಿಗೆ ಅದು ಬಿಡಿಸಲಾಗದ ಚಟ. ಡೆಸಿ 24 ವಿದ್ಯಾರ್ಥಿಗಳನ್ನು ಮೂರು ಸಲ ಕರೆಸಿದರು. ಅರ್ಧ ಜನಕ್ಕೆ ಎರಡನೇ ಸಲ ಮಾತ್ರ, ಬಿಡಿಸಿದ ಪ್ರತಿ ಒಗಟಿಗೆ ಒಂದು ಡಾಲರ್ ಕೊಟ್ಟರು. ಪ್ರತಿ ಸಲವೂ ನಡುವೆ ಎಂಟು ನಿಮಿಷ ಏನೋ ನೆಪ ಹೇಳಿ ಹೊರಗೆ ಹೋಗುತ್ತಿದ್ದರು. ಕೋಣೆಯಲ್ಲಿ ಪತ್ರಿಕೆಗಳೂ ಇದ್ದವು. ಆ ಎಂಟು ನಿಮಿಷದಲ್ಲಿ ಹುಡುಗರು ಒಗಟನ್ನೇ ಮುಂದುವರಿಸುತ್ತಾರೋ, ಪತ್ರಿಕೆ ತಿರುವುತ್ತಾರೋ ಎಂದು ಗಾಜಿನ ಹಿಂದಿನಿಂದ ನೋಡಿದರು. ದುಡ್ಡು ಪಡೆದವರು, ದುಡ್ಡಿಲ್ಲದ ಮೂರನೇ ಸಲದಲ್ಲಿ ಒಗಟಿನ ಜೊತೆ ಕಳೆದ ಸಮಯ ಮೊದಲಿಗಿಂತ ಕಡಿಮೆಯಾಯಿತು. ಮುಂದೆ ಇಂಥ 128 ಪ್ರಯೋಗಗಳನ್ನು ಕೂಡಿಸಿ 1999ರಲ್ಲಿ ನೋಡಿದಾಗಲೂ, ಮೊದಲೇ ಮಾತುಕೊಟ್ಟ ಬಹುಮಾನ ಒಳಗಿನ ಆಸಕ್ತಿಯನ್ನು ಕುಗ್ಗಿಸುತ್ತದೆ ಎಂದೇ ಬಂತು. ಮಾಡಿದ ಕೆಲಸ ನೋಡಿ ಹೇಳಿದ ಒಳ್ಳೆಯ ಮಾತು ಮಾತ್ರ ಕಾಲೇಜು ವಿದ್ಯಾರ್ಥಿಗಳ ಆಸಕ್ತಿಯನ್ನು ಹೆಚ್ಚಿಸಿತು.

ನೀವು ಕೇಳಬಹುದು: ಇದು ಇಷ್ಟವಾದ ಕೆಲಸದ ಮಾತಾಯಿತು, ಗಣಿತದ ಮೇಲೆ ಅವನಿಗೆ ಮೊದಲೇ ಪ್ರೀತಿಯಿಲ್ಲವಲ್ಲ, ಇಲ್ಲದ್ದು ಕಳೆದುಹೋಗುವುದು ಹೇಗೆ? ನ್ಯಾಯವಾದ ಪ್ರಶ್ನೆ. ಅದಕ್ಕೆ ಆಮ್‌ಸ್ಟರ್‌ಡ್ಯಾಂ ವಿಶ್ವವಿದ್ಯಾಲಯದಲ್ಲಿ ನಡೆದ ಪ್ರಯೋಗ ನೋಡಬೇಕು. ಅರ್ಥಶಾಸ್ತ್ರ ಮತ್ತು ವ್ಯವಹಾರಾಧ್ಯಯನದ ಸುಮಾರು 250 ಮೊದಲ ವರ್ಷದ ವಿದ್ಯಾರ್ಥಿಗಳನ್ನು ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿದರು. ಮುಂದಿನ ವರ್ಷ ಶುರುವಾಗುವುದರೊಳಗೆ ಮೊದಲ ವರ್ಷದ ಎಲ್ಲ ವಿಷಯ ಪಾಸಾದರೆ ಒಂದು ಗುಂಪಿಗೆ 681 ಯೂರೊ, ಇನ್ನೊಂದಕ್ಕೆ 227 ಯೂರೊ, ಮೂರನೆಯದಕ್ಕೆ ಏನೂ ಇಲ್ಲ. ಹೆಚ್ಚುಕಡಿಮೆ ನಿಮ್ಮ ಯಜಮಾನರ ಯೋಜನೆಯೇ. 2010ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಒಟ್ಟಾರೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಒಳಗೆ ಬಿಡಿಸಿ ನೋಡಿದರೆ, ಮೊದಲೇ ಓದಿನಲ್ಲಿ ಗಟ್ಟಿಯಿದ್ದವರಿಗೆ ಬಹುಮಾನದಿಂದ ಲಾಭವಾಗಿತ್ತು. ಹಿಂದಿದ್ದವರು ದೊಡ್ಡ ಬಹುಮಾನದ ಆಸೆಯಲ್ಲಿ ಇನ್ನೂ ಕಡಿಮೆ ಮಾಡಿದ್ದರು. ಕೈಗೆಟುಕುವುದಿಲ್ಲ ಎಂದು ಒಳಗೆ ಗೊತ್ತಿರುವುದರ ಮೇಲೆ ದೊಡ್ಡ ಆಸೆ ತೂಗುಹಾಕಿದರೆ, ಸೋತಾಗ ಪರೀಕ್ಷೆಯೂ ಹೋಗುತ್ತದೆ, ಬೈಕೂ ಹೋಗುತ್ತದೆ.

ಕೆನಡಾದ ಒಂದು ವಿಶ್ವವಿದ್ಯಾಲಯದಲ್ಲಿ ಜೋಶುವಾ ಆಂಗ್ರಿಸ್ಟ್ ಮತ್ತಿತರರು ಮಾಡಿ 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬಹುಮಾನ 5,000 ಡಾಲರ್‌ವರೆಗೂ ಇತ್ತು. ಹುಡುಗರ ಮೇಲೆ ಅದರಿಂದ ಏನೂ ಪರಿಣಾಮವಾಗಲಿಲ್ಲ. ಹಣದ ಜೊತೆಗೆ ಹಿರಿಯ ವಿದ್ಯಾರ್ಥಿಗಳ ಮಾರ್ಗದರ್ಶನ ಮತ್ತು ಗುಂಪು ಓದಿನ ನೆರವೂ ಸಿಕ್ಕ ಹುಡುಗಿಯರ ಅಂಕ ಏರಿತು, ಕಾರ್ಯಕ್ರಮ ನಿಂತ ಮೇಲಿನ ವರ್ಷವೂ ಅದು ಉಳಿಯಿತು. ಬೈಕಿನ ದುಡ್ಡಿನ ಒಂದು ಸಣ್ಣ ಪಾಲಿನಲ್ಲಿ, ಗಣಿತ ಚೆನ್ನಾಗಿ ಬರುವ ಒಬ್ಬ ಸೀನಿಯರ್ ಹತ್ತಿರ ವಾರಕ್ಕೆರಡು ಸಂಜೆ ಕೂರುವ ವ್ಯವಸ್ಥೆ ಮಾಡಬಹುದು. ಆ ಸೀನಿಯರೂ ಒಮ್ಮೆ ಬ್ಯಾಕ್ ಉಳಿಸಿಕೊಂಡು ಆಮೇಲೆ ಪಾಸಾದವನಾದರೆ ಇನ್ನೂ ಒಳ್ಳೆಯದು. ಬಂಡೂರ ಹೇಳಿದ ಎರಡನೇ ಮೂಲ ಅದೇ. ಹುಡುಗನಿಗೆ ಕಾಲೇಜಿಗೆ ಹೋಗಿಬರಲು ನಿಜಕ್ಕೂ ಬೈಕ್ ಬೇಕಿದ್ದು, ನಿಮಗೂ ಕೈಲಾಗುವಂತಿದ್ದರೆ ಕೊಡಿಸಿ. ಅದನ್ನು ರಿಸಲ್ಟಿಗೆ ಗಂಟು ಹಾಕಬೇಡಿ.

ಮನೆಯವರು ಮಾಡುವ ಇನ್ನೊಂದು ಕೆಲಸ ಉಪದೇಶ. ‘ಈ ಗಣಿತ ಇಲ್ಲದೆ ಎಲೆಕ್ಟ್ರಾನಿಕ್ಸ್ ಇಲ್ಲ, ಮುಂದೆ ಎಲ್ಲದಕ್ಕೂ ಬೇಕು’ ಎಂದು ಮೇಲಿಂದ ಮೇಲೆ ಹೇಳುವುದು. ಎಲಿಜಬೆತ್ ಕ್ಯಾನಿಂಗ್ ಮತ್ತು ಹರಾಕೀವಿಚ್ 2015ರಲ್ಲಿ ಇದನ್ನು ಪರೀಕ್ಷಿಸಿದರು. ಆತ್ಮವಿಶ್ವಾಸ ಕಡಿಮೆಯಿದ್ದವರಿಗೆ ‘ಇದು ನಿನಗೆ ಬಹಳ ಉಪಯೋಗಕ್ಕೆ ಬರುತ್ತದೆ’ ಎಂದು ಹೊರಗಿನವರು ಹೇಳಿದಾಗ ಅವರ ಸಾಧನೆ ಕುಸಿಯಿತು. ಅದೇ ಉಪಯೋಗವನ್ನು ಅವರೇ ಯೋಚಿಸಿ ಬರೆದಾಗ ಸುಧಾರಿಸಿತು. ಹರಾಕೀವಿಚ್ ತಂಡ ವಿಸ್ಕಾನ್ಸಿನ್‌ನಲ್ಲಿ ಜೀವಶಾಸ್ತ್ರದ ಮೊದಲ ಕೋರ್ಸಿನ ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ನಡುವೆ, ಪಾಠದ ಒಂದು ವಿಷಯ ತಮ್ಮ ಬದುಕಿಗೆ ಹೇಗೆ ತಾಗುತ್ತದೆ ಎಂಬ ಸಣ್ಣ ಪ್ರಬಂಧ ಬರೆಸಿ ನೋಡಿತು. 2016ರ ಆ ಅಧ್ಯಯನದಲ್ಲಿ ಹೆಚ್ಚು ಲಾಭವಾದದ್ದು, ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದ, ಅಲ್ಪಸಂಖ್ಯಾತ ಸಮುದಾಯಗಳ ಮಕ್ಕಳಿಗೆ. ನಮ್ಮ ಎಷ್ಟು ಕಾಲೇಜುಗಳಲ್ಲಿ ಇಂಥ ಮಕ್ಕಳೇ ತುಂಬಿದ್ದಾರೆ! ಅಸೈನ್‌ಮೆಂಟ್ ಎಂದರೆ ಗೂಗಲ್ಲಿನಿಂದ ಇಳಿಸಿ ಸ್ಪೈರಲ್ ಬೈಂಡ್ ಹಾಕಿಸುವುದು ಎಂದಾಗಿರುವ ಕಡೆ, ಇಂಥದ್ದೊಂದು ಪುಟ ಬರೆಸಲು ಖರ್ಚೇನೂ ಇಲ್ಲ. ನೀವು ಮಾಡಬಹುದಾದದ್ದು ಇಷ್ಟು: ಮುಂದಿನ ಸಲ ರೇಡಿಯೊ ಬಿಚ್ಚಿ ಕೂತಾಗ ‘ಇದರಲ್ಲಿ ಆ ಫೂರಿಯೆ ಎಲ್ಲಿದೆ, ತೋರಿಸು’ ಎಂದು ಕೇಳಿ. ಉತ್ತರ ನಿಮಗೆ ಅರ್ಥವಾಗದಿದ್ದರೂ ಪರವಾಗಿಲ್ಲ, ಅವನು ಹೇಳಬೇಕು.

ಬ್ಯಾಕ್ ಪೇಪರಿಗೆ ಎಷ್ಟು ಅಂಕದ ಗುರಿ ಎಂದು ಅವನನ್ನೇ ಕೇಳಿ, ಒಂದು ಸಂಖ್ಯೆ ಹೇಳಿಸಿ. ‘ಚೆನ್ನಾಗಿ ಮಾಡ್ತೀನಿ’ ಎಂಬುದು ಗುರಿಯಲ್ಲ. ಐದು ಮಾಡ್ಯೂಲಿನಲ್ಲಿ ಯಾವುದು ಅವನಿಗೆ ಅತಿ ಸುಲಭವೋ ಅದರಿಂದ ಶುರುವಾಗಲಿ, ಕಷ್ಟದ್ದರಿಂದ ಬೇಡ. ಒಂದು ಹಳೇ ಪ್ರಶ್ನೆ, ಒಂದು ಹಾಳೆ, ಇಪ್ಪತ್ತು ನಿಮಿಷ, ಪುಸ್ತಕ ಮುಚ್ಚಿ. ತಪ್ಪಾದರೆ ಎಲ್ಲಿ ತಪ್ಪಿತು ಎಂದು ಕೆಂಪು ಶಾಯಿಯಲ್ಲಿ ಅವನೇ ಗುರುತು ಹಾಕಿ, ಮಾರನೇ ದಿನ ಅದೇ ಲೆಕ್ಕ ಮತ್ತೆ. ಒಂದು ಮಾಡ್ಯೂಲು ಹೀಗೆ ಕೈವಶವಾದರೆ ಮಿಕ್ಕದ್ದಕ್ಕೆ ನೀವು ಹುಮ್ಮಸ್ಸು ತುಂಬಬೇಕಾಗಿ ಬರುವುದಿಲ್ಲ. ಮೊಬೈಲಿನ ವೀಡಿಯೊ ಬಿಡಿಸಲು ಹೋಗಬೇಡಿ, ಅವನ ಖುಷಿ ಇರುವುದು ಅಲ್ಲಿ. ಹಾಳೆಯ ನಂತರ ವೀಡಿಯೊ ಎಂದಾದರೆ ಸಾಕು.

ಕೊನೆಗೆ ಒಂದು ಎಚ್ಚರಿಕೆ. ರೇಡಿಯೊ ಬಿಚ್ಚುವವನು ರೇಡಿಯೊವನ್ನೂ ಬಿಚ್ಚುವುದು ನಿಲ್ಲಿಸಿದರೆ, ಊಟ ನಿದ್ರೆ ತಪ್ಪಿದರೆ, ಫೋನ್ ಎತ್ತುವುದು ಕಡಿಮೆಯಾದರೆ ಅದನ್ನು ಆಸಕ್ತಿಯ ಕೊರತೆ, ಸೋಮಾರಿತನ ಎಂದು ಓದಬೇಡಿ. ಈ ಲೇಖನದ ಯಾವ ಸಲಹೆಯೂ ಆಗ ಕೆಲಸಕ್ಕೆ ಬರುವುದಿಲ್ಲ, ವೈದ್ಯರು ಬೇಕು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ನೀವೂ ಮಾಡಬಹುದು, ಅವನೂ ಮಾಡಬಹುದು.